ನಾಜಿಯಾ ಬಗ್ಗೆ ಫೋನಿನಲ್ಲಿ ಹೇಳಿದ ಮಾತು

ಎರಡು ವರ್ಷದ ಹಿಂದೆ, ನಾವು ನ್ಯೂಜಿಲೆಂಡಿನ ಟೌರಂಗಾಕ್ಕೆ ಬಂದು ಐದಾರು ತಿಂಗಳಾಗಿದ್ದಾಗ ನಡೆದದ್ದು ಇದು. ದಾವಣಗೆರೆಯಲ್ಲಿ ಹನ್ನೆರಡು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿದ ನಾನು, ಇಲ್ಲಿ ಕಿವಿ ಹಣ್ಣಿನ ಪ್ಯಾಕ್‌ಹೌಸಿನಲ್ಲಿ ಬೆಲ್ಟಿನ ಮುಂದೆ ನಿಂತು ಕಲೆ ಬಿದ್ದ ಹಣ್ಣನ್ನು ಆರಿಸಿ ಆಚೆ ಹಾಕುತ್ತಿದ್ದೆ. ಪಕ್ಕದಲ್ಲಿ ನಾಜಿಯಾ. ಚನ್ನಪಟ್ಟಣದವಳು, ನನಗಿಂತ ಎಂಟು ವರ್ಷ ಚಿಕ್ಕವಳು. ಅವಳ ಗಂಡ ತನ್ನ ಅಣ್ಣನ ಜೊತೆ ಟೈರ್ ಅಂಗಡಿ ನಡೆಸುತ್ತಿದ್ದ. ನಾನೂ ಅವಳೂ ಈ ಊರಿಗೆ ಬಂದದ್ದು ಒಂದೇ ತಿಂಗಳಲ್ಲಿ. ಅಷ್ಟು ದೊಡ್ಡ ಪ್ಯಾಕ್‌ಹೌಸಿನಲ್ಲಿ ಕನ್ನಡ ಮಾತಾಡಲು ನನಗೆ ಅವಳು, ಅವಳಿಗೆ ನಾನು.

ಅವಳನ್ನು ಕಂಡರೆ ನನಗೆ ಇಷ್ಟವಿತ್ತು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಇತ್ತು. ಡ್ರೈವಿಂಗ್ ಟೆಸ್ಟಿನಲ್ಲಿ ನಾನು ನಮ್ಮೂರಿನ ಅಭ್ಯಾಸದಂತೆ ತಿರುವಿನಲ್ಲೆಲ್ಲ ಹಾರ್ನ್ ಹೊಡೆದು, ಸ್ಟಾಪ್ ಗೆರೆಯಲ್ಲಿ ಪೂರ್ತಿ ನಿಲ್ಲಿಸದೆ ಎರಡು ಸಲ ಫೇಲಾದೆ. ಅವಳು ಮೊದಲ ಸಲಕ್ಕೇ ಪಾಸು. ಈ ಊರಲ್ಲಿ ಕಾರಿಲ್ಲದಿದ್ದರೆ ಕೈಕಾಲೇ ಇಲ್ಲದ ಹಾಗೆ, ಅದಕ್ಕೆ ದಿನಾ ಅವಳ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಅವಳ ಪಕ್ಕದ ಮನೆಯ, ಈ ದೇಶದವರೇ ಆದ ಅಜ್ಜಿ ಬೇಲಿ ಮೇಲಿಂದ ಚೀಲ ಚೀಲ ಫೀಜೋವಾ ಹಣ್ಣು ಕೊಡುತ್ತಿದ್ದರು. ನಮ್ಮ ಪಕ್ಕದವರು ಇನ್ನೂ ನನ್ನ ಹೆಸರು ಕೇಳಿರಲಿಲ್ಲ. ನಮ್ಮ ಯಜಮಾನರು ಬೇರೆ, ಮಾತು ಮಾತಿಗೂ ನಾಜಿಯಾನ್ನ ನೋಡಿ ಕಲಿ ಅನ್ನುವರು. ಒಂದು ಸಂಜೆ ಏಳು ವರ್ಷದ ಮಗಳು, ನೀನು ಸ್ಕೂಲಿಗೆ ಬರಬೇಡ, ನಾಜಿಯಾ ಆಂಟಿಯನ್ನು ಕಳಿಸು, ಅವರ ಮಾತು ಟೀಚರಿಗೆ ಅರ್ಥವಾಗುತ್ತೆ ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಆವತ್ತು ಚಪಾತಿ ಹಿಟ್ಟನ್ನು ನಾನು ಗುದ್ದಿದ ಗುದ್ದು ಆ ಹಿಟ್ಟಿಗೇ ಗೊತ್ತು.

ಹಣ್ಣಿನ ಸೀಸನ್ ಮುಗಿಯುತ್ತಾ ಬಂದಾಗ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಿಗೆ ಸಹಾಯಕಿ ಬೇಕೆಂದು ಜಾಹೀರಾತು ಬಂತು. ಅರ್ಜಿ ಹಾಕಿದೆ. ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡಿದ್ದೆ. ಈ ಸಲ ಆಗಲಿಲ್ಲ ಎಂಬ ಎರಡು ಸಾಲಿನ ಈಮೇಲ್ ಬಂತು, ಇಂಟರ್‌ವ್ಯೂಗೂ ಕರೆಯಲಿಲ್ಲ.

ಮರುದಿನ ಕಾರಿನಲ್ಲಿ ನಾಜಿಯಾ ಮೆಲ್ಲಗೆ ಬಾಯಿಬಿಟ್ಟಳು. ಅದೇ ಕೆಲಸಕ್ಕೆ ತಾನೂ ಹಾಕಿದ್ದಳಂತೆ, ಇಂಟರ್‌ವ್ಯೂ ಕೂಡ ಆಯಿತಂತೆ. ಇಲ್ಲಿ ಕೆಲಸ ಕೊಡುವ ಮುಂಚೆ ನಮ್ಮ ಜೊತೆ ದುಡಿದವರಿಗೆ ಫೋನ್ ಮಾಡಿ ನಾವು ಎಂಥವರೆಂದು ವಿಚಾರಿಸುತ್ತಾರೆ. ಅದಕ್ಕೆ ಸೂಪರ್‌ವೈಸರ್ ಹೆಸರಿನ ಜೊತೆ ನನ್ನ ಹೆಸರನ್ನೂ ಕೊಟ್ಟಿದ್ದಳು. ಆಮೇಲೆ ಇನ್ನೊಂದು ಗುಟ್ಟು ಹೇಳಿದಳು. ಅವಳಿಗೆ ಮೂರು ತಿಂಗಳು. ಮೊದಲಿನ ಮಗು ಉಳಿದಿರಲಿಲ್ಲವಂತೆ. ಈ ಕೆಲಸ ಸಿಕ್ಕರೆ ಇಡೀ ದಿನ ಬೆಲ್ಟಿನ ಮುಂದೆ ನಿಲ್ಲುವುದು ತಪ್ಪುತ್ತದೆ ಎಂಬ ಆಸೆ ಅವಳಿಗೆ.

"ಮನೆಯವರು ಬಿಟ್ರೆ ನಿಮಗೊಬ್ಬರಿಗೇ ಗೊತ್ತು ಸುಮಕ್ಕ," ಅಂದಳು.

ನಾನು ಒಳ್ಳೆಯದಾಗಲಿ ಅಂದೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನವೂ ಪಾಠ ಮಾಡದವಳಿಗೆ ಶಾಲೆ, ನನಗೆ ಹಣ್ಣಿನ ಬೆಲ್ಟು!

ಎರಡು ದಿನ ಬಿಟ್ಟು ಊಟದ ಬಿಡುವಿನಲ್ಲಿ ಫೋನ್ ಬಂತು. ಆ ಶಾಲೆಯ ಮುಖ್ಯಸ್ಥೆ. ಹೊತ್ತಿಗೆ ಸರಿಯಾಗಿ ಬರುತ್ತಾಳಾ, ತಾಳ್ಮೆ ಇದೆಯಾ ಎಂದೆಲ್ಲ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊನೆಗೆ, ಇನ್ನೇನಾದರೂ ಹೇಳುವುದಿದೆಯಾ ಅಂದರು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನು ದನಿಗೆ ಬೆಣ್ಣೆ ಸವರಿಕೊಂಡು, ತುಂಬಾ ಒಳ್ಳೆಯ ಹುಡುಗಿ, ಪಾಪ, ಈಗ ಬಸುರಿ, ಸ್ವಲ್ಪ ನೋಡಿಕೊಳ್ಳಿ ಅಂದೆ.

ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಇಂಥ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮ್ಯಾನೇಜ್‌ಮೆಂಟಿನವರು ಅರ್ಜಿಯನ್ನು ಮಡಚಿ ಬದಿಗಿಡುತ್ತಿದ್ದದ್ದನ್ನು ಕಣ್ಣಾರೆ ಕಂಡವಳು ನಾನು. ಅದು ಗೊತ್ತಿದ್ದೇ ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ.

ಆ ಹೆಂಗಸು ನಿಧಾನವಾಗಿ, "ಇದನ್ನು ನೀವು ನನಗೆ ಹೇಳಬಾರದಿತ್ತು. ನಾನು ಬರೆದುಕೊಳ್ಳುತ್ತಿಲ್ಲ," ಎಂದು ಫೋನಿಟ್ಟರು. ನನ್ನ ಮುಖಕ್ಕೆ ಯಾರೋ ತಣ್ಣೀರು ಎರಚಿದ ಹಾಗಾಯಿತು. ಮಧ್ಯಾಹ್ನವಿಡೀ ಕಲೆ ಬಿದ್ದ ಹಣ್ಣುಗಳೆಲ್ಲ ನನ್ನ ಕಣ್ಣೆದುರೇ ದಾಟಿ ಹೋದವು, ಸೂಪರ್‌ವೈಸರ್ ಬಂದು ಬೈದಳು.

ನಾಜಿಯಾಗೆ ಕೆಲಸ ಸಿಕ್ಕಿತು. ಮನೆಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ನೀವು ಹೇಳಿದ್ದಕ್ಕೇ ಸಿಕ್ಕಿದ್ದು ಎಂದು ಕಣ್ಣಲ್ಲಿ ನೀರು ತುಂಬಿಕೊಂಡಳು. ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋದೆ.

ಐದು ತಿಂಗಳಾದ ಮೇಲೆ ಅದೇ ನಂಬರಿನಿಂದ ಮತ್ತೆ ಫೋನ್. ನಾಜಿಯಾ ಹೆರಿಗೆ ರಜೆಯ ಮೇಲೆ ಹೋಗುತ್ತಿದ್ದಾಳೆ, ಅವಳ ಜಾಗಕ್ಕೆ ಆರು ತಿಂಗಳು ಒಬ್ಬರು ಬೇಕು, ಅವಳು ನಿಮ್ಮ ಹೆಸರೊಂದನ್ನೇ ಹೇಳಿದ್ದಾಳೆ, ನಿಮ್ಮಷ್ಟು ಚೆನ್ನಾಗಿ ಕಲಿಸುವವರಿಲ್ಲ ಅನ್ನುತ್ತಾಳೆ ಎಂದರು ಆ ಮುಖ್ಯಸ್ಥೆ.

"ನಾನು ಯಾರೆಂದು ನಿಮಗೆ ನೆನಪಿದೆಯಾ?" ಅಂದೆ.

"ಇದೆ," ಅಂದರು. "ಅವಳಿಗೆ ನಾನು ಹೇಳಿಲ್ಲ. ಬರುವುದೂ ಬಿಡುವುದೂ ನಿಮಗೆ ಬಿಟ್ಟದ್ದು."

ಬರಲಾಗದು ಅಂದೆ. ತಲೆ ಕೆಟ್ಟಿದೆಯೇನೇ ನಿನಗೆ ಎಂದು ಯಜಮಾನರು ಎರಡು ದಿನ ಕೂಗಾಡಿದರು. ನಾಜಿಯಾ ಯಾಕಕ್ಕ ಎಂದು ಕೇಳಿದಾಗ ಸೊಂಟ ನೋವು ಅಂದುಬಿಟ್ಟೆ. ಮಾರನೆಯ ದಿನವೇ ಆ ತುಂಬು ಬಸುರಿ ಎಣ್ಣೆಯ ಸೀಸೆ ಹಿಡಿದು ನಮ್ಮ ಮನೆ ಮೆಟ್ಟಿಲು ಹತ್ತಿ ಬಂದಳು. ಮಲಗಿ, ಉಜ್ಜುತ್ತೀನಿ ಅಂದಳು. ಮಲಗಿದೆ. ನಿಜ ಹೇಳಲು ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ.

ಅವಳಿಗೆ ಹೆಣ್ಣು ಮಗು ಹುಟ್ಟಿತು, ಚೆನ್ನಾಗಿದೆ. ನಾನು ಈಗಲೂ ಪ್ಯಾಕ್‌ಹೌಸಿಗೇ ಹೋಗುತ್ತೇನೆ. ಅವಳನ್ನು ಕಂಡರೆ ಹೊಟ್ಟೆಕಿಚ್ಚು ಹೋಗಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಅವಳ ಕೆಲಸ, ಕಾರು, ಇಂಗ್ಲಿಷು ಯಾವುದೂ ಈಗ ನನ್ನ ಕಣ್ಣು ಕುಕ್ಕುವುದಿಲ್ಲ. ಮಗುವನ್ನು ನನ್ನ ಮಡಿಲಿಗೆ ಹಾಕಿ, ಸುಮಕ್ಕನ ಹತ್ರ ಇದ್ರೆ ನಂಗೆ ಭಯ ಇಲ್ಲ ಎನ್ನುತ್ತಾ ನಿಶ್ಚಿಂತೆಯಿಂದ ಸ್ನಾನಕ್ಕೆ ಹೋಗುತ್ತಾಳಲ್ಲ, ಹಾಗೆ ಒಬ್ಬರನ್ನು ನಂಬುವುದು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಅದನ್ನು ನೋಡಿ ಉರಿದುಹೋಗುತ್ತೇನೆ.