ಮೆತ್ತನೆಯ ಚೆಂಡು ಬೇಡ

ಡಿಯೊಲಿಂಡಾ ಫುರ್ಟಾಡೊಳ ಬಲಗೈಯ ಕಿರುಬೆರಳು ಅವಳ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕಾಫಿ ಲೋಟ ಹಿಡಿದರೆ ಅದೊಂದೇ ಹೊರಗೆ ಚಾಚಿಕೊಳ್ಳುವುದು. ಭಾನುವಾರ ಚರ್ಚಿನಲ್ಲಿ ಕೈ ಜೋಡಿಸಿದರೂ ಅದೊಂದು ಮಾತ್ರ ಮುನಿಸಿಕೊಂಡವರಂತೆ ದೂರ ನಿಲ್ಲುವುದು. ಹೊಸದಾಗಿ ತಂಡಕ್ಕೆ ಸೇರಿದ ಹುಡುಗಿಯರು ಕೆಲವು ದಿನ ಅದನ್ನು ಕದ್ದು ನೋಡಿ, ಆಮೇಲೆ ಕೇಳಿಯೇ ಬಿಡುತ್ತಿದ್ದರು.

“ನಿಮ್ಮ ತಾಯಂದ್ರು ಕಾಲೇಜಲ್ಲಿ ಡಿಗ್ರಿ ತಗೊಂಡ್ರು, ನಾನು ಇದನ್ನ ತಗೊಂಡೆ ಕಣ್ರೇ,” ಎನ್ನುತ್ತಿದ್ದಳು.

ಅಮೆರಿಕದ ಗಿರಣಿಗಳ ಊರು ಫಾಲ್ ರಿವರ್‌ನ ದಿಣ್ಣೆಯ ಮೇಲಿನ ಆ ಚಿಕ್ಕ ಕಾಲೇಜಿನಲ್ಲಿ ಅವಳು ಹೆಣ್ಣುಮಕ್ಕಳ ಕಾಲ್ಚೆಂಡು ತಂಡದ ಕೋಚ್. ತಾನೇ ಗೋಲ್‌ಕೀಪರ್ ಆಗಿದ್ದವಳು. ಮಂಡಿ ಕೈಕೊಟ್ಟ ಮೇಲೆ ಕಲಿಸಲು ನಿಂತವಳು, ನೆರೆತ ಕೂದಲೂ ತೆಳ್ಳಗಾಗುವವರೆಗೆ ಅಲ್ಲೇ ಉಳಿದಳು. ಅಭ್ಯಾಸದ ಹೊತ್ತಿನಲ್ಲಿ ಅವಳ ಜಾಗ ಗೋಲಿನ ಹಿಂದೆ. ಬಲೆಯ ಕಣ್ಣುಗಳಿಗೆ ಬೆರಳು ಸಿಕ್ಕಿಸಿ, ಕೀಪರ್‌ಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಅರ್ಧ ಹೆಜ್ಜೆ ಮುಂದೆ… ಅವಳ ಕಣ್ಣು ನೋಡ್ಬೇಡ, ಸೊಂಟ ನೋಡು…” ಎಂದು ಜಪದಂತೆ ಹೇಳುತ್ತಲೇ ಇರುತ್ತಿದ್ದಳು. ಪಂದ್ಯದ ದಿನ ಕೋಚ್ ಅಲ್ಲಿ ನಿಲ್ಲುವಂತಿಲ್ಲ, ದೂರದ ಬೆಂಚಿನಲ್ಲಿ ಕೂರಬೇಕು. ಆದರೂ ನಿಮ್ಮ ದನಿ ಬೆನ್ನಹಿಂದೆ ಕೇಳುತ್ತಿತ್ತು ಎಂದು ಅವಳ ಹುಡುಗಿಯರೆಲ್ಲ ಹೇಳುತ್ತಿದ್ದರು.

ಆ ವರ್ಷದ ಅಕ್ಟೋಬರಿನಲ್ಲಿ, ಪಂದ್ಯಗಳು ಮುಗಿದೊಡನೆ ನಿವೃತ್ತಿ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಉಳಿದಿದ್ದುದು ತಮ್ಮ ಮೈದಾನದ ಕೊನೆಯ ಪಂದ್ಯ. ಗೆದ್ದರೆ ಮುಂದಿನ ಸುತ್ತು, ಇನ್ನೊಂದು ವಾರದ ಅಭ್ಯಾಸ. ಸೋತರೆ ಅಂದಿಗೇ ಎಲ್ಲ ಮುಗಿಯಿತು. ಆ ಇನ್ನೊಂದು ವಾರದ ಆಸೆ ಅವಳಿಗೆ ಎಷ್ಟಿತ್ತೆಂದರೆ, ಹಿಂದಿನ ಸಂಜೆ ಮೇಣದಬತ್ತಿ ಹಚ್ಚಿ ಮೊಣಕಾಲೂರಿದಾಗ ಅದನ್ನು ಬೇಡಿಕೊಳ್ಳಲು ನಾಚಿಕೆಯಾಗಿ ಸುಮ್ಮನೆ ಎದ್ದು ಬಂದಿದ್ದಳು.

ಅದೇ ಪಂದ್ಯ ಕೊನೆಯ ವರ್ಷದ ಹುಡುಗಿಯರ ಬೀಳ್ಕೊಡುಗೆಯ ದಿನವೂ ಆಗಿತ್ತು. ಅಂದು ವರ್ಷವಿಡೀ ಬೆಂಚಿನಲ್ಲಿ ಕೂತ ಹುಡುಗಿಯನ್ನೂ ಆಟ ಶುರುವಾಗುವಾಗ ಕಣಕ್ಕಿಳಿಸುವುದು ರೂಢಿ. ಎದುರಾಳಿಗಳು ಒಪ್ಪಂದದಂತೆ ಚೆಂಡನ್ನು ಮೆಲ್ಲಗೆ ಪಕ್ಕದ ಗೆರೆಯಾಚೆ ತಳ್ಳಿ ಆಟ ನಿಲ್ಲಿಸುತ್ತಾರೆ, ಚಪ್ಪಾಳೆಯ ನಡುವೆ ಆ ಹುಡುಗಿ ಹೊರಬರುತ್ತಾಳೆ, ತಾಯಿ ಹೂ ಕೊಡುತ್ತಾಳೆ, ನಿಜವಾದ ಆಟ ಆಮೇಲೆ.

ಆ ವರ್ಷದ ಅಂಥ ಹುಡುಗಿ ಮೇವ್ ಗ್ಯಾಲಿವನ್. ಎರಡನೇ ಕೀಪರ್. ಕಾಲೇಜಿಗೆ ಬಂದಾಗಿನಿಂದ ಒಂದೇ ಒಂದು ಪಂದ್ಯದಲ್ಲೂ ಗೋಲು ಕಾಯದವಳು. ಪಂದ್ಯದ ಬೆಳಿಗ್ಗೆ ಕೋಚ್ ಗೋಲಿಗೆ ಬಲೆ ಕಟ್ಟುತ್ತಿದ್ದಾಗ ಅವಳು ಬಂದು ನಿಂತಳು.

“ಕೋಚ್, ನಂಗೆ ಆ ಬೀಳ್ಕೊಡೋ ನಿಮಿಷ ಬೇಡ.”

“ಯಾಕೆ? ನಿಮ್ಮಮ್ಮ ಹೂ ತರ್ತಿದಾರೆ.”

“ಹೂ ಬೆಂಚಲ್ಲೇ ಇಸ್ಕೋತೀನಿ. ಗೋಲಲ್ಲಿ ನಿಲ್ಸೋದಾದ್ರೆ ಆಡಕ್ಕೆ ನಿಲ್ಸಿ. ಫೋಟೋಗೆ ನಿಲ್ಸ್ಬೇಡಿ.”

ಹೇಳಿದ ಮೇಲೆ ಅವಳಿಗೇ ಭಯವಾಯಿತೇನೋ, ಸರಸರನೆ ಹೊರಟುಹೋದಳು. ಡಿಯೊಲಿಂಡಾಳ ಕೈಯಲ್ಲಿ ಬಲೆಯ ದಾರ ಹಾಗೇ ಉಳಿಯಿತು.

ಹತ್ತೊಂಬತ್ತರ ವಯಸ್ಸಿನಲ್ಲಿ ಡಿಯೊಲಿಂಡಾಳನ್ನೂ ಹೀಗೇ ನಿಲ್ಲಿಸಿದ್ದರು. ಸಾಂತೊ ಕ್ರಿಸ್ತೊ ಹಬ್ಬದ ಮಧ್ಯಾಹ್ನ, ಪೋರ್ಚುಗೀಸ್ ಕ್ಲಬ್ಬಿನ ಮೈದಾನ. ಬಟ್ಟೆ ಗಿರಣಿಯ ಗಂಡಸರು ತಮಾಷೆಗೆಂದು ಅವಳನ್ನು ಗೋಲಿಗೆ ಕರೆದು, ಮಗುವಿನತ್ತ ಉರುಳಿಸುವಂತೆ ಚೆಂಡು ಉರುಳಿಸಿದ್ದರು. ಹಿಡಿದಾಗಲೆಲ್ಲ ಚಪ್ಪಾಳೆ. ಒಂದೊಂದು ಚಪ್ಪಾಳೆಗೂ ಅವಳ ಮುಖ ಸುಡುತ್ತಿತ್ತು. ಆಗ ಗಿರಣಿಯ ನೇಯ್ಗೆ ವಿಭಾಗದ ಅವೆಲಿನೊ, ಬಾಯಲ್ಲಿದ್ದ ಸಾಸೇಜು ನುಂಗಿ, ಮುಂದೆ ಬಂದಿದ್ದ.

“ಏನ್ರಪ್ಪಾ, ಈ ಹುಡುಗೀನ ಗೋಲಲ್ಲಿ ನಿಲ್ಸಿದೀರೋ, ಬಟ್ಟೆ ಅಂಗಡಿ ಗಾಜಿನ ಹಿಂದೆ ನಿಲ್ಸಿದೀರೋ?” ಎಂದವನೇ ಚೆಂಡನ್ನು ಬೀಸಿ ಒದ್ದಿದ್ದ.

ಬೆರಳು ಲಟಕ್ಕೆಂದಿತು. ಚೆಂಡು ಮಾತ್ರ ಒಳಗೆ ಹೋಗಲಿಲ್ಲ. ತಾಯಿ ಅಡುಗೆಮನೆಯ ಬಟ್ಟೆಯಿಂದ ಬೆರಳು ಸುತ್ತುತ್ತಾ ಅವೆಲಿನೊನ ವಂಶವನ್ನೆಲ್ಲ ಬೈದಳು. ತಂದೆ ಮುಂದಿನ ಶನಿವಾರ ಗಂಡಸರ ಅಳತೆಯ ಒಂದು ಜೊತೆ ಕೈಗವಸು ತಂದು ಮೇಜಿನ ಮೇಲಿಟ್ಟಿದ್ದ.

ಬಲೆ ಕಟ್ಟಿ ಮುಗಿಸಿ ಡಿಯೊಲಿಂಡಾ ಎದುರಾಳಿ ತಂಡದ ಕೋಚ್‌ಗೆ ಫೋನು ಮಾಡಿದಳು. ಆ ಕೋಚ್ ರಾಕ್ಸಾನ್ ಪೆಲ್ಟಿಯೆ ಒಂದು ಕಾಲಕ್ಕೆ ಇವಳದೇ ತಂಡದ ಕೀಪರ್.

“ರಾಕ್ಸಿ, ಇವತ್ತು ಚೆಂಡು ಹೊರಗೆ ತಳ್ಳಬೇಡಿ. ನನ್ನ ಹುಡುಗಿ ಪೂರ್ತಿ ಆಡ್ತಾಳೆ.”

“ಯಾರು, ಆ ಮೇವ್? ಕೋಚ್, ಸೋತ್ರೆ ಇದೇ ನಿಮ್ಮ ಕೊನೇ ಆಟ.”

“ನಂಗೆ ಗೊತ್ತಿಲ್ವೇನೇ? ನಿನ್ನ ಹುಡುಗೀರು ಮೆತ್ತಗೆ ಹೊಡೆದ್ರೆ ಆಟ ಆದ್ಮೇಲೆ ನಿಮಗೆ ನನ್ನ ಸೊಪ್ಪಿನ ಸೂಪ್ ಸಿಗಲ್ಲ, ಅಷ್ಟೇ.”

ಮುಖ್ಯ ಕೀಪರ್ ಜನೆಲ್ ಸುದ್ದಿ ಕೇಳಿ ಮುಖ ಊದಿಸಿಕೊಂಡಳು. “ಸೋತ್ರೆ ಏನ್ ಮಾಡೋದು ಕೋಚ್?”

“ಸೋತ್ರೆ ನನ್ನ ಬೈಯಿ. ಅವಳನ್ನ ಒಂದು ಮಾತೂ ಅನ್ನಂಗಿಲ್ಲ.”

ಆಟ ಶುರುವಾಯಿತು. ಕುಳಿರ್ಗಾಳಿಗೆ ನದಿಯ ವಾಸನೆ ಬೆರೆತಿತ್ತು. ಮೇವ್ ಕಂಬದಿಂದ ಕಂಬಕ್ಕೆ ನಡೆದು, ಹುಲ್ಲು ಸವೆದ ಮಣ್ಣಿನಲ್ಲಿ ಹಿಮ್ಮಡಿಯಿಂದ ನಟ್ಟನಡುವೆ ಗೀರೆಳೆದಳು. ತಾನು ನಿಲ್ಲುವ ಜಾಗ ತಪ್ಪದಿರಲೆಂದು ಕೋಚ್ ಎಲ್ಲ ಕೀಪರ್‌ಗಳಿಗೂ ಮೊದಲು ಕಲಿಸುವ ಪಾಠ ಅದು. ಮೊದಲರ್ಧದಲ್ಲಿ ಎದುರಾಳಿಯೊಬ್ಬಳು ತಲೆಯಿಂದ ಬಡಿದ ಚೆಂಡು ಮೂಲೆಗೆ ಹಾರಿತು. ಮೇವ್ ಉದ್ದಕ್ಕೆ ಚಿಮ್ಮಿ ಬೆರಳತುದಿಯಿಂದ ಅದನ್ನು ಕಂಬದಾಚೆ ಸರಿಸಿದಾಗ ಜನೆಲ್ ಎಲ್ಲರಿಗಿಂತ ಮೊದಲು ಬೆಂಚಿನ ಮೇಲೆ ಹತ್ತಿ ಕಿರುಚಿದಳು.

ವಿರಾಮದ ಹೊತ್ತಿಗೆ ಇಬ್ಬರೂ ಗೋಲು ಹೊಡೆದಿರಲಿಲ್ಲ. ಜನೆಲ್ ಕೈಗವಸು ತೊಟ್ಟು ಆಸೆಯಿಂದ ನೋಡಿದಳು. ಆ ಇನ್ನೊಂದು ವಾರ ಅವಳ ಕೈಯಲ್ಲೇ ಇದ್ದಂತಿತ್ತು. ಡಿಯೊಲಿಂಡಾಳ ಗಂಟಲಿಗೆ ಅವಳ ಹೆಸರು ಬಂದೇಬಿಟ್ಟಿತ್ತು.

“ಕೂತ್ಕೋ ಮಗಳೇ,” ಎಂದಳು.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಮೇವ್, ವಿರಾಮದ ನಂತರ ಬದಲಾದ ಗೋಲಿನಲ್ಲೂ ಎಳೆದಿದ್ದ ತನ್ನ ಗೀರು ಬಿಟ್ಟು ಒಂದು ಹೆಜ್ಜೆ ಹೆಚ್ಚೇ ಮುಂದೆ ಬಂದಳು. ರಾಕ್ಸಾನ್‌ಳ ಹುಡುಗಿ ಚೆಂಡನ್ನು ಅವಳ ತಲೆಯ ಮೇಲಿಂದ ಎತ್ತಿ ಹಾಕಿದಳು. ಬಲೆ ಅಲುಗಿತು. ಅಷ್ಟಕ್ಕೇ ಮುಗಿಯಿತು.

ಕಾರುಗಳ ಹಿಂದೆ ಮೇಜು ಹಾಕಿ, ಎರಡೂ ತಂಡದವರು ಬಿಸಿ ಸೂಪಿಗೆ ಸಿಹಿ ಬ್ರೆಡ್ಡು ನೆನೆಸಿ ತಿಂದರು. ಹಳೆಯ ಹುಡುಗಿಯರು ಬಂದು ತಬ್ಬಿಕೊಂಡರು, ಅತ್ತರು. ರಾಕ್ಸಾನ್ ಬಟ್ಟಲು ಹಿಡಿದು ಬಂದು, “ಒಂದೂ ಮೆತ್ತಗೆ ಹೊಡೀಲಿಲ್ಲ ಕೋಚ್,” ಎಂದಳು. ಅವಳ ಕಣ್ಣೂ ಕೆಂಪಾಗಿತ್ತು.

“ನೋಡ್ದೆ. ಇನ್ನೊಂದು ಸೌಟು ಹಾಕ್ಕೋ.”

ಬಲೆ ಬಿಚ್ಚಲು ಹೋದಾಗ ಮೇವ್ ಅಲ್ಲೇ ಇದ್ದಳು. ಹೂಗುಚ್ಛ ಕಂಬಕ್ಕೆ ಒರಗಿತ್ತು. ಮಂಡಿಯೆಲ್ಲ ಕೆಸರು. ಕ್ಷಮೆ ಕೇಳುತ್ತಾಳೆ ಎಂದುಕೊಂಡಳು ಡಿಯೊಲಿಂಡಾ.

“ಎಲ್ಲಿ ನಿಲ್ಬೇಕಿತ್ತು ಕೋಚ್?” ಎಂದಳು ಹುಡುಗಿ.

ಡಿಯೊಲಿಂಡಾ ಬಲೆಯ ಗಂಟು ಬಿಟ್ಟು ಗೋಲಿನ ಹಿಂದಕ್ಕೆ ನಡೆದಳು. ಬಲೆಗೆ ಬೆರಳು ಸಿಕ್ಕಿಸಿದಳು. ಕಿರುಬೆರಳು ಎಂದಿನಂತೆ ಹೊರಗೇ ಉಳಿಯಿತು.

“ಜನೆಲ್! ಒಂದು ಚೆಂಡು ತಗೊಂಡು ಬಾರೇ. ಆ ಹುಡುಗಿ ಹೊಡೆದ ಹಾಗೇ ಹೊಡಿ,” ಎಂದು ಕೂಗಿ, ದನಿ ತಗ್ಗಿಸಿದಳು. “ಈಗ ನೋಡು ಮಗಳೇ. ನಿನ್ನ ಗೀರು ಎಲ್ಲಿದೆ? ಅಲ್ಲಿಗೆ ಬಾ… ಅರ್ಧ ಹೆಜ್ಜೆ ಹಿಂದೆ…”