ವೇಬ್ರಿಡ್ಜ್ ಹತ್ತಿದ ನೇಡೀನ್

ನೇಡೀನ್ ಕೋನ್ ಮೂವತ್ತೊಂದು ವರ್ಷ ಊರಿನ ಗೋಧಿ ಗೋದಾಮಿನಲ್ಲಿ ವೇಬ್ರಿಡ್ಜ್ ಕಿಟಕಿಯ ಹಿಂದೆ ಕೂತವಳು. ತುಂಬಿದ ಲಾರಿಗೆ ಒಂದು ತೂಕ, ಸುರಿದು ಬಂದ ಮೇಲೆ ಇನ್ನೊಂದು ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿದದ್ದು ಗೋಧಿ. ಕನ್ಸಾಸಿನ ಆ ಸೀಮೆಯಲ್ಲಿ ಅವಳು ಕೊಟ್ಟ ಚೀಟಿಯನ್ನು ತಿರುಗಿಸಿ ನೋಡಿದವರಿಲ್ಲ. ಎಲ್ಲರ ಭಾರ ಬಲ್ಲವಳು ತನ್ನ ಭಾರವನ್ನು ಮಾತ್ರ ಯಾರಿಗೂ ಹೇಳಿದ್ದಿಲ್ಲ, ಗಂಡ ವರ್ಜಿಲನಿಗೂ.

ಕೆಲಸ ಬಿಟ್ಟ ವರ್ಷ ಒಂದು ಟ್ರೇಲರ್ ಮನೆ ಕೊಂಡಳು. ಒಳಗೇ ಒಲೆ, ಹಾಸಿಗೆ, ನೀರಿನ ತೊಟ್ಟಿ. ಬೆಟ್ಟದಾಚೆ ಕೊಲರಾಡೋದಲ್ಲಿದ್ದ ಅಕ್ಕ ಆರ್ಲೀನಳನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಜುಲೈ ಇಪ್ಪತ್ತಕ್ಕೆ ಅಕ್ಕನಿಗೆ ಎಂಬತ್ತು ತುಂಬುತ್ತದೆ, ಅಂದು ನಿನ್ನ ಬಾಗಿಲಲ್ಲಿರುತ್ತೇನೆ ಎಂದು ನೇಡೀನ್ ಮಾತು ಕೊಟ್ಟಿದ್ದಳು.

ಎಳೆಯುವುದಕ್ಕೆ ವರ್ಜಿಲನ ಕೆಂಪು ಪಿಕಪ್ ಇತ್ತು. ಶನಿವಾರ ಶನಿವಾರ ಅದಕ್ಕೆ ಸ್ನಾನ, ಮೇಲೆ ಮೇಣದ ಲೇಪ. ಹನ್ನೊಂದು ಸಾವಿರ ಪೌಂಡ್ ಎಳೆಯುತ್ತದೆ ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ತಮ್ಮ ಲೀಲಂಡನ ದೊಡ್ಡ ಡೀಸೆಲ್ ಪಿಕಪ್ಪಿಗೆ ಅವನಿಟ್ಟ ಹೆಸರು ಎಮ್ಮೆ. ಅದರ ಬಣ್ಣ ಕೆಸರಿನದು, ಹೋರಿ ಗುದ್ದಿ ಒಂದು ಬಾಗಿಲು ಒಳಕ್ಕೆ ಹೋಗಿತ್ತು.

ನೇಡೀನ್ ಮಾತ್ರ ಕೆಂಪು ಪಿಕಪ್ಪಿನ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದಳು. ಹೊರೆಯೆಲ್ಲ ಸೇರಿ ಗಾಡಿ ಏಳು ಸಾವಿರ ಪೌಂಡ್ ಮೀರಬಾರದು ಎಂದಿತ್ತು.

"ಎಳೆಯೋದು ಬೇರೆ, ಹೊರೋದು ಬೇರೆ ಕಣ್ರೀ. ಟ್ರೇಲರಿನ ಮೂತಿ ಕೂತಿರೋದು ನಿಮ್ಮ ಗಾಡಿ ಬೆನ್ನ ಮೇಲೆ," ಎಂದಳು.

ಹೊರಡುವುದಕ್ಕೆ ವಾರವಿರುವಾಗ ಎಲ್ಲ ತುಂಬಿದರು. ತೊಟ್ಟಿಗೆ ನೀರು, ಎರಡು ಗ್ಯಾಸ್ ಸಿಲಿಂಡರ್, ಎರಕದ ಬಾಣಲೆಗಳು, ಅಕ್ಕನಿಗೆಂದು ನೇಡೀನ್ ಕೈಯಾರೆ ಹಾಕಿದ ನಲವತ್ತೆಂಟು ಜಾಡಿ ಪೀಚ್ ಹಣ್ಣು. ಟ್ರೇಲರ್ ಕಟ್ಟಿಕೊಂಡು ಗೋದಾಮಿಗೆ ಹೋಗಿ, ಪಿಕಪ್ಪಿನ ಗಾಲಿಗಳಷ್ಟೇ ವೇಬ್ರಿಡ್ಜ್ ಮೇಲೆ ಬರುವಂತೆ ನಿಲ್ಲಿಸಿದರು. ಈಗ ಕಿಟಕಿಯ ಹಿಂದೆ ಕೂರುವ ಗೇಲನ್ ಚೀಟಿ ಹರಿದು ಕೊಟ್ಟ. ಆರು ಸಾವಿರದ ಏಳುನೂರ ಎಂಬತ್ತು. ಮಿತಿಗೆ ಇನ್ನೂ ಇನ್ನೂರ ಇಪ್ಪತ್ತು ಪೌಂಡ್ ಬಾಕಿಯಿತ್ತು. ವರ್ಜಿಲ್ ಕಾಫಿ ಲೋಟ ಎತ್ತಿ ತನ್ನ ಕೆಂಪು ಗಾಡಿಗೆ ನಮಸ್ಕಾರ ಹೇಳಿದ.

ನೇಡೀನ್ ಕಾಫಿ ಹೀರುತ್ತ ಗೋದಾಮಿನ ಕಚೇರಿಯ ಗಾಜಿನಾಚೆ ನೋಡಿದಳು. ಪಿಕಪ್ಪಿನ ಸೀಟು ಖಾಲಿ. ಬಿಸ್ಕತ್ತು ಎಂಬ ಅವರ ನಾಯಿ ಅವಳ ಕಾಲ ಬಳಿ ಮಲಗಿತ್ತು.

"ತೂಕ ಮಾಡೋವಾಗ ನಾವೆಲ್ಲಿದ್ವಿ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಿ ಅಂದ್ರೆ? ಇಲ್ಲೇ. ಕಾಫಿ ಕುಡೀತಾ."

ಗೋಧಿ ಲಾರಿಯವರ ಪದ್ಧತಿ ಅದು. ವೇಬ್ರಿಡ್ಜ್ ಮೇಲೆ ಗಾಡಿ ನಿಂತ ಕೂಡಲೇ ಇಳಿದು ಕಾಫಿಗೆ ಬರುವುದು. ತುಂಬಿದ ತೂಕದಲ್ಲೂ ಅವರಿಲ್ಲ, ಖಾಲಿ ತೂಕದಲ್ಲೂ ಇಲ್ಲ. ಗೋಧಿಗೆ ಅದರಿಂದ ಬಾಧಕವಿಲ್ಲ. ಮೂವತ್ತೊಂದು ವರ್ಷ ಲಾರಿಯವರನ್ನು ಇಳಿಸಿದವಳು ಇವತ್ತು ತಾನೂ ಇಳಿದುಬಂದಿದ್ದಳು.

ಮತ್ತೆ ತೂಗಬೇಕಾಯಿತು. ವರ್ಜಿಲನೂ ಬಿಸ್ಕತ್ತೂ ಹತ್ತಿದರು. ಗೋದಾಮಿನ ಧ್ವನಿವರ್ಧಕ ಗೇಲನನ ದನಿಯಲ್ಲಿ ಅಂಗಳಕ್ಕೆಲ್ಲ ಕೇಳುವಂತೆ ತೂಕ ಕೂಗಿತು: ಏಳು ಸಾವಿರದ ಎಂಬತ್ತು. ನೇಡೀನ್ ಮೆಟ್ಟಿಲ ಬಳಿ ಚೀಲ ತಬ್ಬಿಕೊಂಡು ನಿಂತೇ ಇದ್ದಳು. ಈಗ ಹತ್ತಿದರೆ, ಎರಡನೆಯದರಲ್ಲಿ ಮೊದಲನೆಯದು ಕಳೆದು ಉಳಿಯುವುದು ತನ್ನ ಭಾರವೇ. ಅಂಗಳದಲ್ಲಿ ನಾಲ್ಕು ಲಾರಿಯವರು ಕಾದಿದ್ದರು. ಅಕ್ಕನನ್ನು ನೆನೆದು ಹತ್ತಿದಳು.

ಧ್ವನಿವರ್ಧಕ ಒಂದು ಕ್ಷಣ ತಡವರಿಸಿ, ಏಳು ಸಾವಿರದ ಇನ್ನೂರ ಅರವತ್ತು ಎಂದಿತು. ಲಾರಿಯವರು ಮರ್ಯಾದೆಗೆ ಆಕಾಶ ನೋಡಿದರು. ಕಳೆಯುವ ಲೆಕ್ಕ ಅವರಿಗೂ ಬರುತ್ತಿತ್ತು.

ಮಿತಿಗಿಂತ ಇನ್ನೂರ ಅರವತ್ತು ಹೆಚ್ಚು. ಭಾರದ ಸಾಮಾನನ್ನು ಟ್ರೇಲರಿನ ಹಿಂಬದಿಗೆ ಸರಿಸಿದರೆ ಮೂತಿ ಹಗುರಾಗುತ್ತದಲ್ಲ ಎಂದ ವರ್ಜಿಲ್. ಹಿಂದೆ ಭಾರ ಬಿದ್ದರೆ ಇಳಿಜಾರಿನಲ್ಲಿ ಅದು ಬಾಲ ಬೀಸಿ, ಬಾಲವೇ ತಲೆಯನ್ನು ಹೊಂಡಕ್ಕೆ ಎಳೆಯುತ್ತದೆ ಎಂದಳು ನೇಡೀನ್. ಮನೆಗೆ ಮರಳಿ ಪೀಚ್ ಜಾಡಿಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಎಲ್ಲ ಇಳಿಸಿದರೂ ಸಾಲದೆಂದು ಅವಳಿಗೆ ಗೊತ್ತಿತ್ತು. ಹದಿನಾರನೆಯ ಜಾಡಿಗೆ ವರ್ಜಿಲ್ ಅವಳ ಕೈ ಹಿಡಿದ. ಟೊಪ್ಪಿ ಸರಿಮಾಡಿಕೊಂಡು ತಮ್ಮನ ಮನೆಗೆ ನಡೆದೇ ಹೋದ.

ಲೀಲಂಡ್ ಕೊಟ್ಟಿಗೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ನಿಧಾನವಾಗಿ ಕೇಳಿದ. ಅಣ್ಣನ ಬಾಯಿಂದ ಎರಡು ಸಲ ಹೇಳಿಸಿದ.

"ಅಂತೂ ನಮ್ಮ ಎಮ್ಮೆ ಬೇಕಾಯ್ತು ಅನ್ನು, ಅಣ್ಣ."

"ಬೇಕಾಯ್ತು ಕಣೋ."

"ಅತ್ತಿಗೆಗೋಸ್ಕರ ಕೊಡ್ತೀನಿ. ಆದ್ರೆ ಶನಿವಾರ ಶನಿವಾರ ಇದಕ್ಕೂ ಸ್ನಾನ ಆಗ್ಬೇಕು. ನೀವು ವಾಪಸ್ ಬರೋತನಕ ನಿನ್ನ ಕೆಂಪು ರಾಣಿ ನನ್ನ ಹತ್ರ ಇರ್ಲಿ. ಹೋರಿ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ತೀನಿ."

ಹದಿನೆಂಟನೇ ತಾರೀಕು ಬೆಳಿಗ್ಗೆ ಎಮ್ಮೆ ವೇಬ್ರಿಡ್ಜ್ ಹತ್ತಿತು. ಇಬ್ಬರೂ ಸೀಟಿನಲ್ಲಿ, ನಡುವೆ ಬಿಸ್ಕತ್ತು. ಈ ಸಲ ಯಾರೂ ಕಾಫಿಗೆ ಇಳಿಯಲಿಲ್ಲ. ಧ್ವನಿವರ್ಧಕ ಕೆಮ್ಮಿತು. "ಮೂರೂ ಜನ ಒಟ್ಟಿಗೇ ಇದ್ದೀರಿ ನೇಡೀನಮ್ಮ, ಯಾರ್ಯಾರು ಎಷ್ಟೆಷ್ಟು ಅಂತ ನಂಗೇನೂ ಗೊತ್ತಾಗ್ಲಿಲ್ಲ. ಮಿತಿಗೆ ಇನ್ನೂ ಸಾವಿರದ ಮುನ್ನೂರು ಪೌಂಡ್ ಬಾಕಿ ಇದೆ."

ನೇಡೀನ್ ಚೀಟಿಯನ್ನು ಎರಡು ಸಲ ಓದಿ ಚೀಲದೊಳಗಿಟ್ಟಳು.

"ಗಾಡಿ ಮನೆ ಕಡೆ ತಿರುಗಿಸ್ರೀ," ಎಂದಳು. "ಹದಿನಾರು ಜಾಡಿ ಅಲ್ಲೇ ಉಳಿದಿವೆ."