ಪಂಕಾ ಎಳೆಯುತ್ತಿದ್ದ ಗೌಸ್‌ಸಾಬರು

ಗೌಸ್‌ಸಾಬರು ಎಳೆಯುತ್ತಿದ್ದ ಪಂಕಾ ಯಾವ ಗಳಿಗೆಯಲ್ಲಿ ನಿಲ್ಲುತ್ತದೆಂದು ಹೇಳಲು ಬರುತ್ತಿರಲಿಲ್ಲ. ಯಾರಾದರೂ ದೊರೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಫೋಟೋ ತೆಗೆಸಿಕೊಳ್ಳುತ್ತಿರುವಾಗಲೇ, ಸೂರಿನಿಂದ ತೂಗುತ್ತಿದ್ದ ಆ ಉದ್ದನೆಯ ಬಟ್ಟೆಯ ಬೀಸಣಿಗೆ ಒಮ್ಮೆಲೇ ಸುಮ್ಮನಾಗುತ್ತಿತ್ತು. ಮರುಕ್ಷಣ ಸಾಬರು ಬಾಗಿಲಲ್ಲಿ ಹಾಜರು. "ಬರ್ರಿ, ಈಗ ನೀವು ಒಂದೀಟು ಎಳ್ರಿ. ನಾ ಕುಂದರ್ತೀನಿ."

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಬ್ರಿಟಿಷರ ಕಾಲದ ಮುಸಾಫಿರಿ ಬಂಗಲೆಯೊಂದನ್ನು ದುರಸ್ತಿ ಮಾಡಿ ಒಂದು ಟ್ರಸ್ಟಿನವರು ವಸ್ತುಸಂಗ್ರಹಾಲಯ ಮಾಡಿದ್ದರು. ಗಾಜಿನ ಪೆಟ್ಟಿಗೆಗಳಿಲ್ಲ. ಆ ಕಾಲದ ಉಡುಪು ತೊಟ್ಟವರು ಟಪಾಲು ವಿಂಗಡಿಸುತ್ತಾರೆ, ಕುದುರೆಗೆ ಲಾಳ ಹೊಡೆಯುತ್ತಾರೆ. ನೋಡಲು ಬಂದವರು ಅವರ ನಡುವೆಯೇ ಓಡಾಡುತ್ತಾರೆ. ನಾನು ಅಲ್ಲಿಯ ಮ್ಯಾನೇಜರ್. ಗೌಸ್‌ಸಾಬರನ್ನು ಕೆಲಸಕ್ಕೆ ತೆಗೆದುಕೊಂಡವನೂ ನಾನೇ, ಬೇರೆ ಯಾರನ್ನೂ ದೂರುವಂತಿಲ್ಲ. ಅವರು ಶಿಕಾರಿಪುರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂದು ಆ ಕಸುಬು ಮುಗಿದಿತ್ತು. ಕುಲುಮೆಗೆ ಗಾಳಿ ಊದುವ ತಿದಿ ಒತ್ತಿ ಒತ್ತಿ ಗಟ್ಟಿಯಾದ ತೋಳು ನೋಡಿ, ಪಂಕಾಕ್ಕೆ ಹೇಳಿ ಮಾಡಿಸಿದ ಆಳು ಅಂದುಕೊಂಡೆ.

ಮೊದಲ ದಿನವೇ ಜಗಳ. ಪಂಕಾದ ಹಗ್ಗ ಗೋಡೆಯ ತೂತಿನಿಂದ ಹಿಂದಿನ ಜಗಲಿಗೆ ಹೋಗುತ್ತದೆ. ಎಳೆಯುವವನು ಅಲ್ಲೇ ಕೂತಿರಬೇಕು, ಒಳಗಿನವರಿಗೆ ಕಾಣಬಾರದು. "ಆ ಕಾಲದಲ್ಲಿ ಹಾಗೇ ಇತ್ತು ಸಾಬ್ರೇ" ಎಂದೆ.

"ಇತ್ತು, ಖರೆ. ಆದ್ರ ಈಗ ಬಂದೋರು ಏನು ನೋಡಾಕ ಬಂದಾರ್ರೀ? ಗೋಡಿ ಹಿಂದ ಕುಂತ್ರ ನಾ ಇದ್ದೀನಂತ ಯಾರಿಗೆ ತಿಳೀತೈತಿ?"

ದಿನಾ ಬೈದೆ, ದಿನಾ ತಲೆಯಾಡಿಸಿದರು, ದಿನಾ ಎದ್ದು ಬಂದರು. ಸೊರಬದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಕೆಂಡವಾಗಿ ನನ್ನ ಕೋಣೆಗೆ ನುಗ್ಗಿದರು. "ಟಿಕೆಟ್ ತಗಂಡು ಬಂದಿದ್ದು ಹಗ್ಗ ಎಳಿಯಕ್ಕನ್ರೀ?" ಕ್ಷಮೆ ಕೇಳುತ್ತ ಅವರನ್ನು ಕರೆದುಕೊಂಡು ಜಗಲಿಗೆ ಹೋದರೆ, ಅವರ ಹೆಂಡತಿಯೇ ಸೆರಗು ಸಿಕ್ಕಿಸಿ ಹಗ್ಗ ಎಳೆಯುತ್ತಿದ್ದಾರೆ! ಪಕ್ಕದಲ್ಲಿ ಸಾಬರ ಪಾಠ: "ಸೊಂಟದಿಂದ ಎಳ್ರಿ ಅಮ್ಮಾರೇ. ಬರೇ ಕೈಲಿ ಎಳದ್ರ ನಾಳೆ ತಟ್ಟೆ ಎತ್ತಾಕಾಗಂಗಿಲ್ಲ." ಆಕೆ ಗಂಡನನ್ನು ನೋಡಿ, "ನೀವು ಒಳಗೆ ಹೋಗಿ ಕೂತ್ಕಳ್ರೀ, ಗಾಳಿ ಬರ್ತದಾ ನೋಡಾಣ" ಎಂದರು. ಮಾಸ್ಟರು ಹೋಗಿ ಕೂತರು.

ಟ್ರಸ್ಟಿನ ಅಧ್ಯಕ್ಷರು ಅತಿಥಿಗಳನ್ನು ಕರೆತರುವ ದಿನ ಮಾತ್ರ ನಾನು ಕೈ ಮುಗಿದೆ. "ಇವತ್ತೊಂದು ದಿನ ಸಾಬ್ರೇ. ಏಳಬೇಡಿ, ಮಾತಾಡಬೇಡಿ."

ನನ್ನ ಮುಖವನ್ನೇ ನೋಡಿದರು. "ಆತು ಬಿಡ್ರಿ ಸರ್. ನಿಮ್ಮ ಮಾನ ಉಳಸ್ತೀನಿ."

ಉಳಿಸಿದರು. ಅತಿಥಿಗಳು ಊಟ ಮುಗಿಸಿ ಹರಟುತ್ತಿದ್ದ ಎರಡು ತಾಸೂ ಪಂಕಾ ಒಂದೇ ಹದದಲ್ಲಿ ಬೀಸಿತು. ಅಧ್ಯಕ್ಷರು ತಲೆಯೆತ್ತಿ, "ಮೋಟಾರು ಬಹಳ ಚೆನ್ನಾಗಿ ಕೂರಿಸಿದ್ದೀರಿ ಕಣ್ರೀ, ಸದ್ದೇ ಇಲ್ಲ" ಎಂದರು. ಅತಿಥಿಗಳು ತಲೆದೂಗಿದರು. ಆ ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ. "ಥ್ಯಾಂಕ್ಸ್ ಸರ್" ಎಂದುಬಿಟ್ಟೆ.

ಗೋಡೆಯ ತೂತು ನನ್ನ ಬೆನ್ನ ಹಿಂದೆಯೇ ಇತ್ತು. ಪಂಕಾ ನಿಲ್ಲಲಿಲ್ಲ.

ಕಾರುಗಳು ಹೋದ ಮೇಲೆ ಜಗಲಿಗೆ ಹೋದೆ. ಸಾಬರು ನಮ್ಮ ಪೇಟ, ನಿಲುವಂಗಿಗಳನ್ನು ಮಡಿಸಿಟ್ಟು ತಮ್ಮ ಅಂಗಿ ತೊಟ್ಟಿದ್ದರು. "ಎಳದಿದ್ದು ಮನಷಾ ಅಂತ ಅವರಿಗೆ ಗೊತ್ತಿರಲಿಲ್ಲ, ಆತು. ನಿಮಗ ಗೊತ್ತಿತ್ತಲ್ರೀ ಸರ್" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಬರಲಿಲ್ಲ. ಮೂರನೆಯ ದಿನ ಶಿಕಾರಿಪುರದ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ಅಂಬ್ಲಿಗೊಳದ ಜಲಾಶಯದಲ್ಲಿ ನೀರೆಷ್ಟಿದೆ ಎಂದು ವಿಚಾರಿಸಿದರು. ನಾನು ಕೆಲಸದ ಮಾತೆತ್ತಲು ಹೋದಾಗಲೆಲ್ಲ ಇನ್ನೊಂದು ಬಿಸ್ಕತ್ತು ಮುಂದಿಟ್ಟರು. ಕೊನೆಗೆ ಬಸ್‌ಸ್ಟ್ಯಾಂಡಿನವರೆಗೂ ಬಂದು, ನನಗಿಂತ ಮೊದಲು ಬಸ್ಸು ಹತ್ತಿ ಸೀಟು ಹಿಡಿದರು.

"ಸೆಖೆ ಭಾಳ ಐತಿ. ಕಿಟಕಿ ಕಡೆ ಕುಂದರ್ರಿ ಸರ್" ಎಂದು ಹೇಳಿ ಇಳಿದು ಹೋದರು.